ಡೋರೆಮಾನ್ ಕಥೆಯನ್ನು ಎಲ್ಲಿಂದ ಹಿಡಿಯಬೇಕು?

(ಅಣ್ಣಿಗೇರಿಯಲ್ಲಿ ಪಾಲಕರು ಹಾಗೂ ಶಿಕ್ಷಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಪಂಪನ ತಾಯಿಯ ಕಡೆಯ ಊರಾದ ಅಣ್ಣಿಗೇರಿಯಲ್ಲಿ ನಿಂತು ಜಪಾನಿನ ಕಾರ್ಟೂನೊಂದರ ಬಗ್ಗೆ ಮಾತನಾಡುವುದು ಸರಿಯೇ ಎಂದು ಇಲ್ಲಿರುವ ಹಿರಿಯರಿಗೆ ಅನ್ನಿಸಿದರೆ ತಪ್ಪಿಲ್ಲ. ಪಂಪನಿಗೂ ಈ ವಿಷಯಕ್ಕೂ ಒಂದು ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಯಾವ ಕಡೆ ಹೋದರೂ ಪಾಲಕರ ಬಾಯಲ್ಲಿ ಒಂದೇ ದೂರು. 'ಹುಡುಗ ಸಾಲಿಯಿಂದ ಬಂದವನೇ ಟಿ.ವಿ. ಮುಂದೆ ಕೂಡ್ತಾನ್ರೀ. ಆ ನೀಲಿ ಬೆಕ್ಕನ್ನ ನೋಡ್ತಾ ಊಟಾನೂ ಮರೀತಾನ. ಮಾತಾಡಿದ್ರ ಹಿಂದಿ ಬರ್ತೈತಿ.' ಈ ದೂರಿನಲ್ಲಿ ಎರಡು ಪ್ರಶ್ನೆಗಳಿವೆ. ಮಗು ನೋಡುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಒಂದು. ಅದನ್ನು ನೋಡುತ್ತ ಮಗುವಿನ ಮಾತು ಯಾವ ಕಡೆ ಹೊರಟಿದೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕಬೇಕಾದರೆ ಮೊದಲು ಆ ನೀಲಿ ಬೆಕ್ಕು ಯಾರು ಎಂದು ತಿಳಿದುಕೊಳ್ಳಬೇಕು. ನಾವು ನೋಡದೇ ಇರುವುದನ್ನು ಬೈದರೆ ಮಕ್ಕಳು ನಂಬುವುದಿಲ್ಲ.

ಆ ಬೆಕ್ಕಿನ ಹೆಸರು ಡೋರೆಮಾನ್. ಅದು ಬೆಕ್ಕಿನ ಆಕಾರದ ಯಂತ್ರಮಾನವ. ಕಥೆಯ ಪ್ರಕಾರ ಅದು ತಯಾರಾಗುವುದು 2112ನೇ ಇಸವಿಯ ಸೆಪ್ಟೆಂಬರ್ 3ರಂದು. ಇಲಿ ಕಡಿದು ಅದರ ಕಿವಿ ಹೋಗಿವೆ, ಹೀಗಾಗಿ ಇಲಿ ಕಂಡರೆ ಅದಕ್ಕೆ ಪ್ರಾಣಭಯ. ಎರಡು ಸಣ್ಣ ದೋಸೆಗಳ ನಡುವೆ ಕೆಂಪು ಕಾಳಿನ ಸಿಹಿ ಹೂರಣ ಇಟ್ಟ 'ದೊರಾಯಾಕಿ' ಎಂಬ ತಿಂಡಿ ಅದಕ್ಕೆ ಬಲು ಇಷ್ಟ. ಹೊಟ್ಟೆಯ ಮೇಲಿನ ಜೇಬು ನಮ್ಮ ಅಕ್ಷಯಪಾತ್ರೆ ಇದ್ದ ಹಾಗೆ. ಅದರಿಂದ ಮುಂದಿನ ಶತಮಾನದ ಸಾವಿರಾರು ಸಾಧನಗಳು ಹೊರಬರುತ್ತವೆ.

ಅದು ನಮ್ಮ ಕಾಲಕ್ಕೆ ಬಂದದ್ದೇಕೆ? ನೋಬಿತಾ ಎಂಬ ಹುಡುಗನಿದ್ದಾನೆ. ಓದಿನಲ್ಲಿ ಹಿಂದೆ, ಆಟದಲ್ಲಿ ಹಿಂದೆ, ಅಳುವುದರಲ್ಲಿ ಮುಂದೆ. ಅವನು ದೊಡ್ಡವನಾಗಿ ವ್ಯಾಪಾರ ಮಾಡಿ, ಬೆಂಕಿ ಅನಾಹುತದಲ್ಲಿ ಎಲ್ಲ ಕಳೆದುಕೊಂಡು, ದೊಡ್ಡ ಸಾಲ ಬಿಟ್ಟು ಹೋಗುತ್ತಾನೆ. ಆ ಸಾಲ ತಲೆಮಾರುಗಳನ್ನು ದಾಟಿ ಮರಿಮಗನ ಮಗ ಸೆವಾಶಿಯವರೆಗೂ ಮುಟ್ಟುತ್ತದೆ. ಬಡತನದಲ್ಲಿ ಬೆಳೆದ ಸೆವಾಶಿ, ಮೂಲದಲ್ಲೇ ತಿದ್ದಿದರೆ ಎಲ್ಲ ಸರಿಹೋದೀತು ಎಂದು ತನ್ನ ಯಂತ್ರಬೆಕ್ಕನ್ನು ಕಾಲಯಂತ್ರದಲ್ಲಿ ಕೂಡಿಸಿ ಹಿಂದಕ್ಕೆ ಕಳಿಸುತ್ತಾನೆ. ಕಾಲಯಂತ್ರದ ಬಾಗಿಲು ನೋಬಿತಾನ ಓದುವ ಮೇಜಿನ ಖಾನೆಯಲ್ಲಿದೆ. ಅಜ್ಜ ಮಾಡಿದ ಸಾಲವನ್ನು ಮೊಮ್ಮಗ ತೀರಿಸುವುದು ಮಳೆಯನ್ನೇ ನಂಬಿದ ನಮ್ಮ ಎರೆಹೊಲದ ಸೀಮೆಗೆ ಹೊಸ ಸಂಗತಿಯಲ್ಲ. ನಗಿಸುವ ಈ ಕಥೆಯ ಬುಡದಲ್ಲಿ ಇರುವುದು ಸಾಲವೇ.

ಇದನ್ನು ಬರೆದವರು ಹಿರೋಶಿ ಫುಜಿಮೊಟೊ. 1933ರಲ್ಲಿ ಜಪಾನಿನ ತೊಯಾಮಾ ಪ್ರಾಂತದ ತಕಾಓಕಾ ಪಟ್ಟಣದಲ್ಲಿ ಹುಟ್ಟಿದವರು. ಪ್ರಾಥಮಿಕ ಶಾಲೆಯ ಗೆಳೆಯ ಮೊಟೂ ಅಬಿಕೊ ಜೊತೆ ಸೇರಿ 'ಫುಜಿಕೊ ಫುಜಿಯೊ' ಎಂಬ ಒಂದೇ ಕಾವ್ಯನಾಮದಲ್ಲಿ ಬರೆಯತೊಡಗಿದರು. ನಂತರ ಇಬ್ಬರೂ ಬೇರೆಯಾದಾಗ ಇವರು 'ಫುಜಿಕೊ ಎಫ್. ಫುಜಿಯೊ' ಆದರು. ಡೋರೆಮಾನ್ ಇವರೊಬ್ಬರ ಸೃಷ್ಟಿ. 1996ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ಈ ಬೆಕ್ಕಿನ ಕೈ ಬಿಡಲಿಲ್ಲ.

ಇದು ಮಕ್ಕಳ ಕಥೆ ಸರಿ, ವಿಜ್ಞಾನ ಕಥೆ ಹೇಗೆ ಎಂದು ಕೇಳಬಹುದು. ವಿಜ್ಞಾನ ಕಥೆಗೆ ಇಂಗ್ಲಿಷಿನಲ್ಲಿ 'ಎಸ್.ಎಫ್.' ಎನ್ನುತ್ತಾರಷ್ಟೆ. ಫುಜಿಮೊಟೊ ಅದಕ್ಕೆ ತಮ್ಮದೇ ಅರ್ಥ ಕೊಟ್ಟರು: 'ಸುಕೋಶಿ ಫುಶಿಗಿ', ಅಂದರೆ 'ಸ್ವಲ್ಪ ವಿಚಿತ್ರ'. ಅವರ ಕಥೆಗಳಲ್ಲಿ ರಾಕೆಟ್ಟು, ಯುದ್ಧಗಳಿಗಿಂತ ಒಂದು ಸಾದಾ ಮನೆ, ಬೈಯುವ ತಾಯಿ, ಸಾಲಿಯ ಗುರುಗಳು, ಓಣಿಯ ಪುಂಡ ಹುಡುಗ ಇರುತ್ತಾರೆ. ಅಷ್ಟರೊಳಗೆ ಒಂದೇ ಒಂದು ವಿಚಿತ್ರ ಬಂದು ಸೇರುತ್ತದೆ. ಆಮೇಲೆ ಏನಾಗುತ್ತದೆ ಎಂಬುದೇ ಕಥೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕಾದಂಬರಿ ಓದಿದವರಿಗೆ, ಬಾಲಮಂಗಳದ ಡಿಂಗನ ಸಾಹಸ ಓದಿ ಬೆಳೆದವರಿಗೆ ಈ ಬಗೆಯ ಕಲ್ಪನೆ ತೀರಾ ಅಪರಿಚಿತವಲ್ಲ.

ಇನ್ನು ನಮ್ಮ ಮುಖ್ಯ ಪ್ರಶ್ನೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆದ ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕು? ಪುಸ್ತಕವೋ, ಟಿ.ವಿ.ಯೋ, ಚಲನಚಿತ್ರವೋ? ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಏಕಿಲ್ಲ?

ಮೊದಲು ಪುಸ್ತಕ. ಜಪಾನಿನಲ್ಲಿ ಚಿತ್ರಕಥೆಗೆ 'ಮಾಂಗಾ' ಎನ್ನುತ್ತಾರೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಲೆಕ್ಕದಲ್ಲಿ ಪುಸ್ತಕದ ಕೊನೆಯ ಪುಟವೇ ಅವರಿಗೆ ಮೊದಲ ಪುಟ. ಡೋರೆಮಾನ್ ಮೊದಲು ಅಚ್ಚಾದದ್ದು 1970ರ ಜನವರಿ ಸಂಚಿಕೆಗಳಲ್ಲಿ. 'ಸಂಚಿಕೆಗಳಲ್ಲಿ' ಎಂದು ಬಹುವಚನದಲ್ಲಿ ಹೇಳಲು ಕಾರಣವಿದೆ. ಶೋಗಾಕುಕಾನ್ ಎಂಬ ಪ್ರಕಾಶನ ಸಂಸ್ಥೆ ಒಂದೊಂದು ತರಗತಿಯ ಮಕ್ಕಳಿಗೆ ಒಂದೊಂದು ಪತ್ರಿಕೆ ಹೊರಡಿಸುತ್ತಿತ್ತು. ಶಾಲೆಗೆ ಸೇರದ ಕೂಸುಗಳಿಂದ ನಾಲ್ಕನೆಯ ತರಗತಿಯವರೆಗೆ ಇದ್ದ ಆರು ಪತ್ರಿಕೆಗಳಲ್ಲಿ ಒಂದೇ ತಿಂಗಳು ಡೋರೆಮಾನ್ ಶುರುವಾಯಿತು. ಆದರೆ ಚಿಕ್ಕವರಿಗೆ ಒಂದು ಕಥೆ, ಸ್ವಲ್ಪ ದೊಡ್ಡವರಿಗೆ ಇನ್ನೊಂದು. ಹೀಗಾಗಿ ಈ ಕಥೆಯ ಆರಂಭವೇ ಒಂದಲ್ಲ. ಮಗು ಒಂದು ತರಗತಿಯಿಂದ ಮುಂದಿನದಕ್ಕೆ ಹೋದಂತೆ ಅವನ ಡೋರೆಮಾನ್ ಕೂಡ ಬದಲಾಗುತ್ತಿತ್ತು.

ಹೀಗೆ ಚೆಲ್ಲಿಹೋಗಿದ್ದ ಕಥೆಗಳಲ್ಲಿ ಆಯ್ದವನ್ನು 1974ರಿಂದ 1996ರವರೆಗೆ 45 ಸಂಪುಟಗಳಲ್ಲಿ ತಂದರು. ಫುಜಿಮೊಟೊ ಬರೆದ ಒಟ್ಟು ಕಥೆಗಳು 1,300ಕ್ಕೂ ಮಿಕ್ಕಿವೆ. ಈ ಸಂಪುಟಗಳು ಜಪಾನಿನಲ್ಲಿ 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ. ಒಂದೊಂದು ಕಥೆ ಹತ್ತು ಹನ್ನೆರಡು ಪುಟದ್ದು. ಯಾವ ಸಂಪುಟವನ್ನಾದರೂ ತೆರೆದು ಓದಬಹುದು, ಹಿಂದಿನದು ತಿಳಿದಿರಬೇಕೆಂದಿಲ್ಲ. 'ಚಂದಮಾಮ'ದ ಬೇತಾಳ ಕಥೆಗಳನ್ನು ನೆನಪಿಸಿಕೊಳ್ಳಿ. ವಿಕ್ರಮ ಎಷ್ಟು ಸಲ ಹೊತ್ತು ತಂದರೂ ಬೇತಾಳ ಮರಕ್ಕೆ ಹಾರುತ್ತದೆ, ಮುಂದಿನ ತಿಂಗಳು ಮತ್ತೆ ಮೊದಲಿಂದ. ನೋಬಿತಾನೂ ಹಾಗೆಯೇ. ಪ್ರತಿ ಕಥೆಯ ಕೊನೆಗೆ ಅವನು ಸೊನ್ನೆ ಅಂಕದ ಹುಡುಗನಾಗಿ ಮರಕ್ಕೆ ಮರಳುತ್ತಾನೆ.

ಎರಡನೆಯದು ಟಿ.ವಿ. ಜಪಾನೀ ಚಲಿಸುವ ಚಿತ್ರಗಳಿಗೆ 'ಆನಿಮೆ' ಎಂದು ಹೆಸರು. ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' 1963ರಲ್ಲಿ ಈ ದಾರಿ ತೆರೆಯಿತು. ಡೋರೆಮಾನ್ ಟಿ.ವಿ.ಗೆ ಬಂದದ್ದು ಮೂರು ಸಲ. 1973ರ ಮೊದಲ ಮಾಲಿಕೆ ಆರೇ ತಿಂಗಳಲ್ಲಿ ನಿಂತಿತು. ಅದನ್ನು ತಯಾರಿಸಿದ ಸಂಸ್ಥೆಯೂ ಮುಚ್ಚಿತು. ಇಂದು ಅದರ ಹೆಚ್ಚಿನ ಭಾಗ ಸಿಗುವುದಿಲ್ಲ. 1979ರಲ್ಲಿ ಶುರುವಾದ ಎರಡನೆಯ ಮಾಲಿಕೆ 2005ರವರೆಗೆ ಸುಮಾರು 26 ವರ್ಷ ಓಡಿತು. ಅದರಲ್ಲಿ ಡೋರೆಮಾನ್‌ಗೆ ಧ್ವನಿ ಕೊಟ್ಟ ನಟಿ ನೊಬುಯೊ ಓಯಾಮಾ 2024ರಲ್ಲಿ ತೀರಿಕೊಂಡಾಗ ಜಪಾನೀಯರು ಮನೆಯವರೊಬ್ಬರನ್ನು ಕಳೆದುಕೊಂಡಂತೆ ದುಃಖಪಟ್ಟರು. 2005ರ ಏಪ್ರಿಲ್‌ನಲ್ಲಿ ಹೊಸ ಧ್ವನಿಗಳು, ಹೊಸ ಚಿತ್ರಗಳೊಂದಿಗೆ ಮೂರನೆಯ ಮಾಲಿಕೆ ಶುರುವಾಯಿತು. ಹಳೆಯ ಕಥೆಗಳನ್ನೇ ಅದು ಮತ್ತೆ ಹೇಳುತ್ತದೆ, ಹೊಸವನ್ನೂ ಸೇರಿಸುತ್ತದೆ. ಒಂದೇ ಕಥೆ ಎರಡು ಬಗೆಯ ಚಿತ್ರಗಳಲ್ಲಿ ಬಂದಾಗ ಮಕ್ಕಳು ಗೊಂದಲಪಡುವುದು ಇದರಿಂದಲೇ.

ಭಾರತಕ್ಕೆ ಜಪಾನೀ ಯಂತ್ರಮಾನವರು ಬಂದದ್ದು ಮೊದಲೇ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ 'ಜೈಂಟ್ ರೋಬೋಟ್' ಇಲ್ಲಿರುವ ಕೆಲವರಿಗೆ ನೆನಪಿರಬಹುದು. ಅದರ ಮೂಲವೂ ಮಿತ್ಸುತೆರು ಯೊಕೊಯಾಮಾ ಅವರ 1967ರ ಮಾಂಗಾ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರೂ ಕಾದು ನೋಡಿದ 'ಜಂಗಲ್ ಬುಕ್' ಸಹ ಜಪಾನಿನದೇ. ಡೋರೆಮಾನ್ ಬಂದದ್ದು 2005ರಲ್ಲಿ, ಹಂಗಾಮಾ ಟಿ.ವಿ.ಯಲ್ಲಿ. ಜಪಾನಿನಲ್ಲಿ 1979ರ ಮಾಲಿಕೆ ಮುಗಿದ ವರ್ಷವೇ ಅದು ನಮ್ಮಲ್ಲಿ ಹಿಂದಿಯಲ್ಲಿ ಶುರುವಾಯಿತು. ಈಗ ಇಪ್ಪತ್ತರ ಹರೆಯದಲ್ಲಿರುವ ನನ್ನಂಥವರು ಅದನ್ನು ನೋಡಿಯೇ ಬೆಳೆದವರು.

ಮೂರನೆಯದು ಚಲನಚಿತ್ರ. 1980ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ 40ಕ್ಕೂ ಹೆಚ್ಚು ಚಿತ್ರಗಳು ಬಂದಿವೆ. ಟಿ.ವಿ.ಯ ಅಳುಬುರುಕ ನೋಬಿತಾ ಇಲ್ಲಿ ಧೈರ್ಯವಂತನಾಗುತ್ತಾನೆ, ಓಣಿಯ ಪುಂಡ ಜಿಯಾನ್ ಗೆಳೆಯರಿಗಾಗಿ ಪ್ರಾಣ ಕೊಡಲು ಸಿದ್ಧನಾಗುತ್ತಾನೆ. ಮೊದಲ ಚಿತ್ರ 'ನೋಬಿತಾನ ಡೈನೋಸಾರ್'. ಹುಡುಗ ಒಂದು ಪಳೆಯುಳಿಕೆ ಮೊಟ್ಟೆ ಹುಡುಕಿ, ಅದರಿಂದ ಹೊರಬಂದ ಮರಿಯನ್ನು ಸಾಕಿ, ಕೊನೆಗೆ ಅದರ ಕಾಲಕ್ಕೇ ಬಿಟ್ಟು ಬರುತ್ತಾನೆ. ಆ ಪ್ರಾಣಿ ಬರೀ ಕಲ್ಪನೆಯದಲ್ಲ. 1968ರಲ್ಲಿ ಜಪಾನಿನ ಫುಕುಶಿಮಾ ಪ್ರಾಂತದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಅಂಥ ಕಡಲ ಸರೀಸೃಪದ ಎಲುಬುಗಳನ್ನು ಕಂಡುಹಿಡಿದಿದ್ದ. ವಿಜ್ಞಾನದ ಗುರುಗಳು ತರಗತಿಯಲ್ಲಿ ಹೇಳಬಹುದಾದ ಸಂಗತಿಯಿದು. 1986ರ 'ನೋಬಿತಾ ಮತ್ತು ಉಕ್ಕಿನ ಪಡೆ' ಚಿತ್ರದಲ್ಲಿ ಮನುಷ್ಯರನ್ನು ಗುಲಾಮರನ್ನಾಗಿಸಲು ಬಂದ ಯಂತ್ರಗಳ ಲೋಕವಿದೆ. ಯಂತ್ರಕ್ಕೆ ಕರುಣೆ ಹುಟ್ಟಬಹುದೇ ಎಂಬ ಪ್ರಶ್ನೆ ಅದರಲ್ಲಿದೆ. 2014ರ 'ಸ್ಟ್ಯಾಂಡ್ ಬೈ ಮಿ ಡೋರೆಮಾನ್' ಕಂಪ್ಯೂಟರಿನಲ್ಲಿ ರಚಿಸಿದ್ದು. ಹಳೆಯ ಕೆಲವು ಒಳ್ಳೆಯ ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಚಿತ್ರ ಅದು.

ಈ ಕಥೆಯ ಕೊನೆ ಯಾವುದು ಎಂದು ಮಕ್ಕಳು ಕೇಳುತ್ತಾರೆ. ನೋಬಿತಾ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ, ಎಲ್ಲವೂ ಅವನ ಕನಸು ಎಂದು ಒಂದು ಸುದ್ದಿ ಊರೂರಲ್ಲಿ ಹಬ್ಬಿದೆ. ನಿಂತುಹೋದ ಡೋರೆಮಾನನ್ನು ರಿಪೇರಿ ಮಾಡಲು ನೋಬಿತಾ ಓದಿ ದೊಡ್ಡ ವಿಜ್ಞಾನಿಯಾದ ಎಂಬುದು ಇನ್ನೊಂದು. ಎರಡೂ ಫುಜಿಮೊಟೊ ಬರೆದವಲ್ಲ. ಎರಡನೆಯದನ್ನು ಅಭಿಮಾನಿಯೊಬ್ಬರು ಚಿತ್ರಕಥೆಯಾಗಿ ಅಚ್ಚು ಹಾಕಿಸಿ ಮಾರಿದಾಗ ಪ್ರಕಾಶಕರೇ ಆಕ್ಷೇಪಿಸಬೇಕಾಯಿತು.

ಲೇಖಕರು ನಿಜವಾಗಿ ಬರೆದ ವಿದಾಯ 1974ರ ಮಾರ್ಚ್ ಸಂಚಿಕೆಯದು, ಆರನೆಯ ಸಂಪುಟದಲ್ಲಿದೆ. ಡೋರೆಮಾನ್ ತನ್ನ ಕಾಲಕ್ಕೆ ಮರಳಬೇಕಾಗಿದೆ, ಆದರೆ ಈ ಹುಡುಗನನ್ನು ಒಬ್ಬನೇ ಬಿಟ್ಟು ಹೋಗಲು ಮನಸ್ಸಿಲ್ಲ. ಆ ರಾತ್ರಿ ನೋಬಿತಾ ಯಾವ ಸಾಧನದ ನೆರವೂ ಇಲ್ಲದೆ ಜಿಯಾನ್ ಜೊತೆ ಹೊಡೆದಾಡುತ್ತಾನೆ. ಎಷ್ಟು ಹೊಡೆತ ಬಿದ್ದರೂ ಬಿಡುವುದಿಲ್ಲ. ತಾನೊಬ್ಬನೇ ಗೆಲ್ಲದಿದ್ದರೆ ಡೋರೆಮಾನ್ ನೆಮ್ಮದಿಯಿಂದ ಹೋಗುವುದಿಲ್ಲ ಎಂಬುದು ಅವನ ಹಟ. ಕೊನೆಗೆ ಜಿಯಾನನೇ ಸೋಲೊಪ್ಪುತ್ತಾನೆ. ಬೆಳಗಾದಾಗ ಡೋರೆಮಾನ್ ಇರುವುದಿಲ್ಲ. ಮರುತಿಂಗಳು ಲೇಖಕರೇ ಅದನ್ನು ವಾಪಸು ಕರೆಸಿಕೊಂಡರೆಂಬುದು ಬೇರೆ ಮಾತು. 'ಮಗ ಕಾರ್ಟೂನು ನೋಡಿ ಸೋಮಾರಿಯಾದ' ಎನ್ನುವ ಪಾಲಕರು ಈ ಒಂದು ಕಥೆಯನ್ನಾದರೂ ಮಗನ ಪಕ್ಕದಲ್ಲಿ ಕೂತು ನೋಡಬೇಕು.

ಆರು ಆರಂಭ, ಮೂರು ಮಾಲಿಕೆ, ಹಲವು ಅಂತ್ಯ. ಇದರಲ್ಲಿ ಯಾವುದು ನಿಜ? ಪಂಪನ ಮಾತು ಇಲ್ಲಿ ಬರುತ್ತದೆ. ಪಂಪ 10ನೇ ಶತಮಾನದಲ್ಲಿ ಭಾರತದ ಕಥೆ ಹೇಳಿದಾಗ ಅರ್ಜುನನೇ ನಾಯಕ, ಅವನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ದ್ರೌಪದಿ ಅಲ್ಲಿ ಅರ್ಜುನನೊಬ್ಬನ ಹೆಂಡತಿ. ನಮ್ಮದೇ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಅದೇ ಕಥೆ ಹೇಳಿದಾಗ ಎಲ್ಲವೂ ಕೃಷ್ಣನ ಕಥೆಯಾಯಿತು. ಇವರಲ್ಲಿ ಯಾರು ತಪ್ಪು ಎಂದು ನಾವು ಕೇಳುವುದಿಲ್ಲ. ಯಾರು, ಯಾರಿಗಾಗಿ, ಯಾವ ಕಾಲದಲ್ಲಿ ಹೇಳಿದರು ಎಂದು ಕೇಳುತ್ತೇವೆ. ಡೋರೆಮಾನನ್ನೂ ಹಾಗೆಯೇ ನೋಡಬೇಕು. 1970ರ ಪುಸ್ತಕ ತರಗತಿಯ ಮಕ್ಕಳಿಗೆ, ಟಿ.ವಿ. ಮಾಲಿಕೆ ಮನೆಮಂದಿಗೆ, 2014ರ ಚಿತ್ರ ಬಾಲ್ಯ ಕಳೆದ ದೊಡ್ಡವರಿಗೆ. ಕಥೆಯೊಳಗೂ ಇದೇ ಪ್ರಶ್ನೆ ಬರುತ್ತದೆ. ನನ್ನ ಭವಿಷ್ಯ ಬದಲಾಗಿ ಬೇರೆಯವಳನ್ನು ಮದುವೆಯಾದರೆ ನೀನು ಹುಟ್ಟುವುದು ಹೇಗೆ ಎಂದು ನೋಬಿತಾ ಕೇಳಿದಾಗ, ಯಾವ ವಾಹನದಲ್ಲಿ ಹೋದರೂ ಸೇರುವ ಊರು ಒಂದೇ ಎನ್ನುವ ಅರ್ಥದಲ್ಲಿ ಸೆವಾಶಿ ಉತ್ತರಿಸುತ್ತಾನೆ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲೂ ಹೋಗಬಹುದು, ರೈಲಿನಲ್ಲೂ ಹೋಗಬಹುದು.

ಇನ್ನು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು. ಒಂದು ಕಥೆಯಲ್ಲಿ 'ನೆನಪಿನ ರೊಟ್ಟಿ' ಎಂಬ ಸಾಧನ ಬರುತ್ತದೆ. ಪಾಠದ ಪುಟದ ಮೇಲೆ ಒತ್ತಿ ತಿಂದರೆ ಪುಟವೆಲ್ಲ ಬಾಯಿಪಾಠ. ಪರೀಕ್ಷೆಯ ಹಿಂದಿನ ದಿನ ನೋಬಿತಾ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾನೆ, ಹೊಟ್ಟೆ ಕೆಡುತ್ತದೆ, ತಿಂದದ್ದರ ಜೊತೆ ಕಲಿತದ್ದೂ ಹೋಗುತ್ತದೆ. ಹೆಚ್ಚಿನ ಕಥೆಗಳ ದಾರಿ ಇದೇ. ಅಡ್ಡದಾರಿ ಹಿಡಿದವನಿಗೆ ಕೊನೆಗೆ ಫಜೀತಿ. ಹಾಗೆಂದು ದೋಷವೇ ಇಲ್ಲವೆಂದಲ್ಲ. ಶಿಜುಕಾ ಎಂಬ ಹುಡುಗಿಯನ್ನು ಸ್ನಾನದ ಮನೆಯಲ್ಲಿ ತೋರಿಸಿ ನಗಿಸುವ ಹಳೆಯ ಚಾಳಿ ಒಪ್ಪತಕ್ಕದ್ದಲ್ಲ. ಬಲಿಷ್ಠ ಹುಡುಗ ಬಡಿಯುವುದು, ಸಾಹುಕಾರನ ಮಗ ಅಣಕಿಸುವುದು ದಿನನಿತ್ಯದ ತಮಾಷೆಯಾಗಿ ಬರುತ್ತವೆ. ಮನೆಯಲ್ಲಿ ದೊಡ್ಡವರು ಪಕ್ಕದಲ್ಲಿದ್ದರೆ ಇದು ತಪ್ಪು ಎಂದು ಅಲ್ಲೇ ಹೇಳಬಹುದು. ಹೊತ್ತಿಗೆ ಮಿತಿಯಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ನನಗೆ ಹೆಚ್ಚು ಚಿಂತೆಯ ವಿಷಯ ಭಾಷೆಯದು. ಈ ಚಿಂತೆ ನಮ್ಮದು ಮಾತ್ರವಲ್ಲ. 2013ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಸರ್ಕಾರ ಹಿಂದಿಯಲ್ಲಿ ಬರುತ್ತಿದ್ದ ಡೋರೆಮಾನನ್ನು ನಿಲ್ಲಿಸಿತು. ಮಕ್ಕಳು ಬಂಗಾಳಿಯ ಬದಲು ಹಿಂದಿ ಆಡತೊಡಗಿದ್ದಾರೆಂಬುದು ಅಲ್ಲಿನ ಪಾಲಕರ ದೂರಾಗಿತ್ತು. ಮುಂದೆ ಅದೇ ಡೋರೆಮಾನ್ ಅಲ್ಲಿ ಬಂಗಾಳಿ ಮಾತನಾಡುತ್ತ ಬಂದ. ತಡೆದದ್ದು ಬೆಕ್ಕನ್ನಲ್ಲ, ಅದರ ಬಾಯಿಯ ಮಾತನ್ನು ಎಂದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಅದು ಕನ್ನಡದಲ್ಲಿ ಏಕೆ ಬರಲಿಲ್ಲ? ಇದಕ್ಕೆ ಹಳೆಯ ಚರಿತ್ರೆಯಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿತ್ತು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಹಚ್ಚಿ ಬಿಟ್ಟರೆ ನಮ್ಮ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವಿರುವುದಿಲ್ಲ ಎಂದು ಅನಕೃ ಮೊದಲಾದವರು ಚಳವಳಿ ಹೂಡಿದರು. ಡಬ್ಬಿಂಗ್ ನಿಂತಿತು. ಆ ಕಾಲಕ್ಕೆ ಅದು ಕನ್ನಡ ಚಿತ್ರರಂಗವನ್ನು ಉಳಿಸಿತು ಎಂದು ನಂಬುವವರು ಇಂದಿಗೂ ಬಹಳ. ಕಾನೂನಿನ ಬಲವಿಲ್ಲದಿದ್ದರೂ ಆ ನಿಷೇಧ ದಶಕಗಳ ಕಾಲ ನಡೆಯಿತು. 2012ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮ ಕನ್ನಡದ ಮಾತಿನೊಂದಿಗೆ ಟಿ.ವಿ.ಯಲ್ಲಿ ಬರಲಾಗಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟ ಮೇಲೆ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಕಾನೂನಿಗೆ ವಿರುದ್ಧವೆಂದು ಹೇಳಿತು. 2017ರಿಂದ ಡಬ್ಬಿಂಗ್ ಚಿತ್ರಗಳು ಮತ್ತೆ ತೆರೆಗೆ ಬಂದವು. ಮಕ್ಕಳಿಗೆಂದೇ 2009ರಲ್ಲಿ ಚಿಂಟು ಟಿ.ವಿ. ಶುರುವಾದದ್ದು ದೊಡ್ಡ ಉಪಕಾರ. ಆದರೂ 2005ರಿಂದ ಹಲವು ವರ್ಷ ಧಾರವಾಡ ಸೀಮೆಯ ಕೂಸಿಗೆ ನೋಬಿತಾ ಮಾತನಾಡಿದ್ದು ಹಿಂದಿಯಲ್ಲೇ. ದೊಡ್ಡವರ ಸಿನಿಮಾಕ್ಕಾಗಿ ನಡೆದ ವಾದದಲ್ಲಿ ಐದು ವರ್ಷದ ಮಗುವಿನ ಮಾತು ಯಾರ ಲೆಕ್ಕಕ್ಕೂ ಬರಲಿಲ್ಲ.

ಹಿಂದಿ ಕಲಿತರೆ ನಷ್ಟವೇನು ಎಂದು ಕೇಳಬಹುದು. ಇನ್ನೊಂದು ಭಾಷೆ ಬಂದರೆ ನಷ್ಟವಿಲ್ಲ. ಆದರೆ ಕಾಲಯಂತ್ರ, ಅಂತರಿಕ್ಷ, ಯಂತ್ರಮಾನವ ಎಂಬ ಕನಸಿನ ಲೋಕವೆಲ್ಲ ಬೇರೆ ಭಾಷೆಯಲ್ಲಿದೆ, ಬೈಗುಳ ಮತ್ತು ಮನೆಗೆಲಸ ಮಾತ್ರ ಕನ್ನಡದಲ್ಲಿದೆ ಎಂದು ಮಗುವಿಗೆ ಅನ್ನಿಸಿದರೆ ನಷ್ಟ. ಡೋರೆಮಾನನ ಜೇಬಿನಲ್ಲಿ ಒಂದು ತಿಂಡಿಯಿದೆ. ಅದನ್ನು ತಿಂದವರಿಗೆ ಎಲ್ಲ ಭಾಷೆಯೂ ಬರುತ್ತದೆ. ನಮಗೆ ಆ ತಿಂಡಿ ಸಿಗುವುದಿಲ್ಲ, ಕೆಲಸವನ್ನು ನಾವೇ ಮಾಡಬೇಕು.

ಹೀಗಾಗಿ ಕೊನೆಗೆ ಕೆಲವು ಸೂಚನೆಗಳು. ಮೊದಲ ಸಲ ನೋಡುವ ಪಾಲಕರು 2014ರ 'ಸ್ಟ್ಯಾಂಡ್ ಬೈ ಮಿ' ಚಿತ್ರದಿಂದ ಶುರು ಮಾಡಿರಿ, ಒಂದೂವರೆ ಗಂಟೆಯಲ್ಲಿ ಕಥೆಯ ಆದಿಯೂ ವಿದಾಯವೂ ತಿಳಿಯುತ್ತದೆ. ನಂತರ ನೋಬಿತಾ ಕಾಲಯಂತ್ರದಲ್ಲಿ ಹೋಗಿ ತೀರಿಹೋದ ಅಜ್ಜಿಯನ್ನು ಕಾಣುವ ಕಥೆ ಹುಡುಕಿ ನೋಡಿ. ಅಜ್ಜಿ ಇರುವ ಮನೆಯಲ್ಲಿ ಅಜ್ಜಿಯನ್ನೂ ಕೂಡಿಸಿಕೊಂಡು ನೋಡಬೇಕು. ಆಮೇಲೆ 'ನೋಬಿತಾನ ಡೈನೋಸಾರ್', ಮಕ್ಕಳು ಹತ್ತು ದಾಟಿದ್ದರೆ 'ಉಕ್ಕಿನ ಪಡೆ'. ಟಿ.ವಿ.ಯ ಬಿಡಿ ಕಥೆಗಳಿಗೆ ಕ್ರಮ ಬೇಕಿಲ್ಲ, ದಿನಕ್ಕೆ ಒಂದೆರಡು ಸಾಕು. ಪುಸ್ತಕ ಸಿಕ್ಕರೆ ಬಲದಿಂದ ಎಡಕ್ಕೆ ಓದುವುದನ್ನು ಮಕ್ಕಳೇ ನಿಮಗೆ ಕಲಿಸುತ್ತಾರೆ.

ನೋಡಿ ಮುಗಿದ ಮೇಲೆ ಟಿ.ವಿ. ಆರಿಸಿ ಮಗುವಿಗೆ ಹೇಳಿ, 'ಈಗ ಆ ಕಥೀನ ನನಗ ನಮ್ಮ ಮಾತಿನ್ಯಾಗ ಹೇಳಪಾ' ಎಂದು. ಮಗು ಮೊದಲು ತಡವರಿಸುತ್ತದೆ, ಹಿಂದಿ ಮಾತು ನಡುವೆ ಬರುತ್ತದೆ. ಎರಡು ವಾರದಲ್ಲಿ ಸರಿಹೋಗುತ್ತದೆ. ಗುರುಗಳಿಗೂ ಒಂದು ವಿನಂತಿ. ಕಲಘಟಗಿಯ ತೊಟ್ಟಿಲಿನ ಮೇಲೆ ಪುರಾಣದ ಕಥೆಯನ್ನು ಚಿತ್ರಗಳಲ್ಲಿ ಬರೆಯುವ ಕಲೆ ನಮ್ಮಲ್ಲೇ ಇದೆ. ಹಾಗೆಯೇ ನಾಲ್ಕು ಚೌಕ ಹಾಕಿಸಿ, ಡೋರೆಮಾನ್ ನವಲಗುಂದಕ್ಕೋ ಕುಂದಗೋಳಕ್ಕೋ ಬಂದರೆ ಏನಾದೀತು ಎಂದು ಮಕ್ಕಳಿಂದ ಬರೆಸಿರಿ, ಮಾತುಗಳನ್ನು ಕನ್ನಡದಲ್ಲಿ ತುಂಬಿಸಿರಿ. ಕೋಳಿವಾಡದ ಕವಿ ಸಂಸ್ಕೃತದ ಕಥೆಯನ್ನು ತನ್ನ ಊರಿನವರ ಮಾತಿಗೆ ತಂದಾಗ ಮಾಡಿದ ಕೆಲಸದ ಮೊದಲ ಪಾಠ ಇದೇ. ಮುಂದಿನ ವರ್ಷ ಆ ಹಾಳೆಗಳನ್ನು ನೋಡಲು ಮತ್ತೆ ಕರೆದರೆ ಸಂತೋಷದಿಂದ ಬರುತ್ತೇನೆ.